ಹಸಿರು ನೀರು, ಹಳೇ ಹೊಟ್ಟೆ

ಡಬ್ಬಿಯ ಮೇಲೆ ಒಬ್ಬಳು ನಿಂತಿರುತ್ತಾಳೆ. ಸೊಂಟಕ್ಕೆ ಅಳತೆ ಟೇಪು ಸುತ್ತಿಕೊಂಡು, ಹಲ್ಲು ಬಿಟ್ಟುಕೊಂಡು. ಹುಟ್ಟಿದಾಗಿನಿಂದ ಆಕೆ ಒಂದು ದಿನವೂ ದಪ್ಪ ಇದ್ದವಳಲ್ಲ ಅಂತ ಆ ಸೊಂಟವೇ ಹೇಳುತ್ತದೆ. ಇಳಿಸಲು ಏನೂ ಇಲ್ಲದವಳ ಕೈಯಲ್ಲಿ ಇಳಿಸುವ ಮದ್ದು. ಇದನ್ನು ನೋಡಿ ನಮಗೆ ಅನುಮಾನ ಬರಬೇಕು. ಬರುವುದಿಲ್ಲ. ಆಸೆ ಬರುತ್ತದೆ.

ಡಬ್ಬಿಯನ್ನು ತಿರುಗಿಸಿ. ಕನ್ನಡಕ ಹಾಕಿಕೊಳ್ಳಿ. ಸಾಲದಿದ್ದರೆ ಮೊಬೈಲಿನ ಕ್ಯಾಮೆರಾ ತೆರೆದು ದೊಡ್ಡದು ಮಾಡಿ. ಬಾರ್‌ಕೋಡಿನ ಪಕ್ಕ, ಎಕ್ಸ್‌ಪೈರಿ ದಿನಾಂಕದ ಕೆಳಗೆ, ಒಂದು ಪುಟ್ಟ ನಕ್ಷತ್ರದ ಗುರುತು. ಅದರ ಮುಂದೆ: ಸಮತೋಲನ ಆಹಾರ ಮತ್ತು ನಿಯಮಿತ ವ್ಯಾಯಾಮದ ಜೊತೆಗೆ.

ಬೆಲೆಯನ್ನು ಬಿಟ್ಟರೆ ಆ ಡಬ್ಬಿಯ ಮೇಲಿರುವ ನಿಜ ಅದೊಂದೇ.

ಹದವಾಗಿ ಉಂಡು ದಿನಾ ಬೆವರು ಸುರಿಸುವವನು ಜೊತೆಗೆ ಏನು ಕುಡಿದರೂ ತೂಕ ಇಳಿಯುತ್ತದೆ. ಜೀರಿಗೆ ಕಷಾಯ ಕುಡಿದರೂ ಇಳಿಯುತ್ತದೆ, ಬೋರ್‌ವೆಲ್ ನೀರು ಕುಡಿದರೂ ಇಳಿಯುತ್ತದೆ. ದುಡಿದದ್ದು ಕಾಲು, ಹೆಸರು ಬಂದದ್ದು ಎಲೆಗೆ. ಊಟ ಬಿಟ್ಟದ್ದು ನಾಲಿಗೆ, ಹಾರ ಬಿದ್ದದ್ದು ಟೀ ಬ್ಯಾಗಿನ ಕೊರಳಿಗೆ.

ಆದರೂ ಕೇಳುತ್ತಾರೆ. ಓದಿದವರು ಕೇಳುತ್ತಾರೆ, ಇಂಜಿನಿಯರುಗಳು ಕೇಳುತ್ತಾರೆ, ಎರಡು ಡಿಗ್ರಿ ಇಟ್ಟುಕೊಂಡವರು ಕೇಳುತ್ತಾರೆ. "ಗ್ರೀನ್ ಟೀ ಕುಡಿದರೆ ನಿಜವಾಗಲೂ ಸಣ್ಣ ಆಗ್ತಾರಾ ಸಾರ್?" ಕೇಳುವಾಗ ಒಂದು ಕೈಯಲ್ಲಿ ಗ್ರೀನ್ ಟೀ ಇರುತ್ತದೆ. ಇನ್ನೊಂದು ಕೈಯಲ್ಲಿ ಏನಿರುತ್ತದೆ ಅಂತ ನಾನು ಹೇಳಬೇಕಿಲ್ಲ. ಅದರ ಎಣ್ಣೆ ಪೇಪರಿಗೆ ಇಳಿದಿರುತ್ತದೆ.

ಉತ್ತರ ಬೇಕೇ? ಇದೆ. 2012ರಿಂದ ಇದೆ.

ಕಾಕ್ರೇನ್ ಅಂತ ಒಂದು ಸಂಸ್ಥೆ. ಜಗತ್ತಿನ ವೈದ್ಯಕೀಯ ಪ್ರಯೋಗಗಳನ್ನು ಗುಡ್ಡೆ ಹಾಕಿಕೊಂಡು, ಜೊಳ್ಳು ತೂರಿ, ಕಾಳು ಎಷ್ಟು ಅಂತ ಹೇಳುವುದೇ ಅದರ ಕೆಲಸ. ಆ ವರ್ಷ ಅದು ಗ್ರೀನ್ ಟೀಯನ್ನು ಮೊರಕ್ಕೆ ಹಾಕಿತು. ತೂಕ ಹೆಚ್ಚಿದ್ದ, ಬೊಜ್ಜು ಬಂದಿದ್ದ ವಯಸ್ಕರ ಮೇಲೆ ಕನಿಷ್ಠ ಹನ್ನೆರಡು ವಾರ ನಡೆದ ಹದಿನೆಂಟು ಪ್ರಯೋಗ. ಸಾವಿರದ ಒಂಬೈನೂರು ದಾಟಿದ ಜನ. ತೂಕ ಇಳಿಸುವ ಲೆಕ್ಕದಲ್ಲಿ, ಜಪಾನಿನ ಹೊರಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿದಾಗ, ಗ್ರೀನ್ ಟೀ ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ಕಂಡ ವ್ಯತ್ಯಾಸ 0.04 ಕಿಲೋ.

ನಲವತ್ತು ಗ್ರಾಂ.

ನೀವು ಅದಕ್ಕೆ ಹಿಂಡುವ ನಿಂಬೆಹಣ್ಣೇ ಅಷ್ಟು ತೂಗುತ್ತದೆ. ಮೂರು ತಿಂಗಳು ಮುಖ ಹಿಂಡಿಕೊಂಡು ಕುಡಿದದ್ದಕ್ಕೆ ಸಿಕ್ಕಿದ್ದು ಒಂದು ನಿಂಬೆಹಣ್ಣು. ಅದೂ ಲೆಕ್ಕಶಾಸ್ತ್ರದ ಪ್ರಕಾರ ಸಿಕ್ಕಿತು ಅಂತ ಹೇಳುವ ಹಾಗಿಲ್ಲ. ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗಿ ಬಂದರೆ ಅದಕ್ಕಿಂತ ಹೆಚ್ಚು ಇಳಿದಿರುತ್ತೀರಿ. ಬಚ್ಚಲಿಗೆ ಜಾಹೀರಾತು ಕೊಡುವವರಿಲ್ಲ, ಅಷ್ಟೇ.

"ಜಪಾನಿನಲ್ಲಿ ಇಳಿದಿತ್ತಲ್ಲ!" ಎನ್ನುತ್ತಾನೆ ಒಬ್ಬ. ಹೌದು, ಅಲ್ಲಿನ ಪ್ರಯೋಗಗಳಲ್ಲಿ ಇನ್ನೂರು ಗ್ರಾಂನಿಂದ ಮೂರೂವರೆ ಕಿಲೋವರೆಗೆ ವ್ಯತ್ಯಾಸ ಕಂಡಿತ್ತು. ಒಂದಕ್ಕೊಂದು ತಾಳೆಯಾಗದಷ್ಟು ಬೇರೆ ಬೇರೆ ಪ್ರಯೋಗಗಳಾದ್ದರಿಂದ ಕಾಕ್ರೇನ್‌ನವರು ಅವನ್ನು ಒಟ್ಟು ಕೂಡಿಸಲೇ ಇಲ್ಲ. ಜಪಾನಿನ ಕಾವೋ ಕಂಪನಿ 2003ರಲ್ಲಿ ಹೆಲ್ತಿಯಾ ಅಂತ ಒಂದು ಗ್ರೀನ್ ಟೀ ಬಾಟಲಿ ಬಿಟ್ಟಿತು. ಬಾಟಲಿಗೆ 540 ಮಿಲಿಗ್ರಾಂ ಕ್ಯಾಟೆಚಿನ್, ಟೀ ಎಲೆಯಲ್ಲೇ ಇರುವ ಒಂದು ಅಂಶ. ಕ್ಯಾಟೆಚಿನ್ ಕೊಬ್ಬು ಕರಗಿಸುತ್ತದೆ ಎಂದು ಪ್ರಬಂಧ ಬರೆದವರಲ್ಲಿ ಅದೇ ಕಂಪನಿಯ ವಿಜ್ಞಾನಿಗಳೂ ಇದ್ದರು. ಸುಳ್ಳು ಬರೆದರು ಅಂತ ನಾನು ಹೇಳುತ್ತಿಲ್ಲ. ಮದುವೆ ದಲ್ಲಾಳಿ ಹುಡುಗ ಒಳ್ಳೆಯವನು ಅಂದಾಗ ಎಷ್ಟು ನಂಬುತ್ತೀರೋ ಅಷ್ಟು ನಂಬಿ ಅಂತ ಹೇಳುತ್ತಿದ್ದೇನೆ.

ಅಷ್ಟಕ್ಕೂ ಜಪಾನಿನವರು ತೆಳ್ಳಗಿರುವುದು ಟೀಯಿಂದ ಅಂತ ಯಾರು ಹೇಳಿದ್ದು? 2008ರಿಂದ ಅಲ್ಲಿ ಒಂದು ಸರ್ಕಾರಿ ವ್ಯವಸ್ಥೆ ಇದೆ. ನಲವತ್ತರಿಂದ ಎಪ್ಪತ್ನಾಲ್ಕು ವಯಸ್ಸಿನವರ ಸೊಂಟವನ್ನು ವರ್ಷಕ್ಕೊಮ್ಮೆ ಟೇಪು ಹಿಡಿದು ಅಳೆಯುತ್ತಾರೆ. ಗಂಡಸರಿಗೆ 85 ಸೆಂಟಿಮೀಟರ್, ಹೆಂಗಸರಿಗೆ 90. ದಾಟಿದರೆ, ಬಿಪಿ ಸಕ್ಕರೆ ಎಲ್ಲ ನೋಡಿ, ಕೂರಿಸಿಕೊಂಡು ಬುದ್ಧಿ ಹೇಳುತ್ತಾರೆ. ನಮ್ಮಲ್ಲಿ ಆ ಟೇಪು ಡಬ್ಬಿಯ ಚಿತ್ರದಲ್ಲಿ ಮಾತ್ರ ಇದೆ. ವಿಧಾನಸೌಧದ ಮೆಟ್ಟಿಲ ಮೇಲೆ ಯಾರಾದರೂ ಟೇಪು ಹಿಡಿದು ನಿಂತರೆ ಅಧಿವೇಶನಕ್ಕೆ ಕೋರಂ ಸಿಗುವುದಿಲ್ಲ.

ಜಪಾನ್ ಬಿಡಿ. ಚೀನಾ ನೋಡಿ. ಗ್ರೀನ್ ಟೀಯ ತವರುಮನೆ. ಸಾವಿರಾರು ವರ್ಷದಿಂದ ಕುಡಿಯುತ್ತಿದ್ದಾರೆ, ಇವತ್ತಿಗೂ ಅತಿ ಹೆಚ್ಚು ಬೆಳೆಯುವವರೂ ಕುಡಿಯುವವರೂ ಅವರೇ. ಅದೇ ಚೀನಾದ ಸರ್ಕಾರ 2020ರಲ್ಲಿ ಹೇಳಿತು: ನಮ್ಮ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ತೂಕ ಮಿತಿ ಮೀರಿದೆ ಎಂದು.

ಈ ಒಂದು ಸಾಲು ಸಾಕಿತ್ತು. ಆದರೆ ಒಂದು ಸಾಲಿಗೆ ನಮ್ಮ ಜನ ಬಗ್ಗುವುದಿಲ್ಲ.

"ಅದು ಮೆಟಬಾಲಿಸಂ ಜಾಸ್ತಿ ಮಾಡುತ್ತೆ ಸಾರ್." ಈ ಮಾತು ಎಲ್ಲಿಂದ ಬಂತು ಗೊತ್ತೇ? ದೊಡ್ಡ ಪಾಲು 1999ರ ಒಂದು ಪ್ರಯೋಗದಿಂದ. ಜಿನೀವಾದವರು ಮಾಡಿದ್ದು. ಹತ್ತು ಜನ ಆರೋಗ್ಯವಂತ ಗಂಡಸರು. ಹತ್ತೇ ಜನ. ಅವರಿಗೆ ಕೊಟ್ಟದ್ದು ಕಪ್ಪಿನಲ್ಲಿ ಕುದಿಸಿದ ಟೀ ಅಲ್ಲ, ಗ್ರೀನ್ ಟೀಯ ಸಾರ ತುಂಬಿದ ಕ್ಯಾಪ್ಸೂಲು. ಇಪ್ಪತ್ನಾಲ್ಕು ಗಂಟೆಯಲ್ಲಿ ದೇಹ ಸುಡುವ ಶಕ್ತಿ ಶೇ. 4ರಷ್ಟು ಹೆಚ್ಚಾಯಿತು. ಎಂದರೆ ಹತ್ತಿರ ಹತ್ತಿರ 80 ಕ್ಯಾಲೊರಿ.

ಎಂಬತ್ತು ಕ್ಯಾಲೊರಿ ಎಂದರೆ ಹೆಚ್ಚೂ ಕಡಿಮೆ ಎರಡು ಬಿಸ್ಕತ್ತು. ಗ್ರೀನ್ ಟೀ ಜೊತೆ ನೀವು ಎಷ್ಟು ತಿಂದಿರಿ?

ಇನ್ನು ಜೇನುತುಪ್ಪ. ಒಗರು ತಡೆಯುವುದಿಲ್ಲ, ಅದಕ್ಕೆ ಜೇನು. ಸಕ್ಕರೆ ವಿಷ, ಜೇನು ಅಮೃತ, ಇದು ಈಗಿನ ಗೃಹಶಾಸ್ತ್ರ. ಒಂದು ಟೀ ಚಮಚ ಜೇನಿನಲ್ಲಿ ಇಪ್ಪತ್ತರ ಮೇಲೆ ಕ್ಯಾಲೊರಿ. ಸಕ್ಕರೆಯದ್ದೂ ಅಷ್ಟೇ, ಒಂದು ಕೈ ಕಡಿಮೆಯೇ. ಕಪ್ಪಿಗೆ ಎರಡು ಚಮಚ, ದಿನಕ್ಕೆ ಮೂರು ಕಪ್ಪು. ಲೆಕ್ಕ ಹಾಕಿ. ಜಿನೀವಾದವರು ಸುಟ್ಟದ್ದಕ್ಕಿಂತ ನೀವು ಸುರಿದದ್ದೇ ಹೆಚ್ಚು. ಹೊಟ್ಟೆ ಇಳಿಸಲು ಕುಡಿದು ಹೊಟ್ಟೆ ಬೆಳೆಸಿಕೊಂಡವರು ಪಾಪ, ಮೂರನೇ ತಿಂಗಳು ಬ್ರ್ಯಾಂಡ್ ಬದಲಿಸುತ್ತಾರೆ.

ಬರೀ ಗ್ರೀನ್ ಟೀಯಲ್ಲಿ ಕ್ಯಾಲೊರಿ ಇಲ್ಲವೇ ಇಲ್ಲ ಎನ್ನಬಹುದು. ಹಾಗಾಗಿ ಒಬ್ಬರಿಗೆ ಮಾತ್ರ ಇದು ಕೆಲಸ ಮಾಡುತ್ತದೆ. ದಿನಕ್ಕೆ ಐದು ಸಲ ಗಟ್ಟಿ ಹಾಲಿನ, ಎರಡು ಚಮಚ ಸಕ್ಕರೆಯ ಟೀ ಹೀರುತ್ತಿದ್ದವರು ಅದನ್ನು ಪೂರ್ತಿ ಬಿಟ್ಟು, ಜೇನು ಬೆಲ್ಲ ಏನೂ ಹಾಕದೆ ಇದಕ್ಕೆ ಬಂದರೆ ತೂಕ ಇಳಿಯಬಹುದು. ಇಳಿಸಿದ್ದು ಬಿಟ್ಟ ಸಕ್ಕರೆ. ಹಿಡಿದ ಟೀ ಅಲ್ಲ. ಆದರೆ ಬಿಟ್ಟದ್ದಕ್ಕೆ ಯಾರೂ ಡಬ್ಬಿ ಮಾಡಿ ಮಾರಲು ಆಗುವುದಿಲ್ಲ. ಅಲ್ಲೇ ಇರುವುದು ಇಡೀ ವ್ಯಾಪಾರದ ಗುಟ್ಟು.

ಇದೂ ಹೇಳಿಬಿಡುತ್ತೇನೆ. ಗ್ರೀನ್ ಟೀ ಅನ್ನುವುದು ಹಿಮಾಲಯದ ಯಾವುದೋ ಋಷಿ ಕಂಡುಹಿಡಿದ ಬೇರೆ ಮೂಲಿಕೆ ಅಲ್ಲ. ಗೂಡಂಗಡಿಯ ಟೀ ಯಾವ ಗಿಡದ್ದೋ ಇದೂ ಅದೇ ಗಿಡದ್ದು. ಕಮೀಲಿಯಾ ಸಿನೆನ್ಸಿಸ್. ಎಲೆ ಕಿತ್ತ ಮೇಲೆ ಬಾಡಿಸಿ, ಹೊಸಕಿ, ಗಾಳಿಗೆ ಕಪ್ಪಾಗಲು ಬಿಟ್ಟರೆ ಮಾಮೂಲಿ ಟೀ. ಕಪ್ಪಾಗುವ ಮೊದಲೇ ಹಬೆಯಲ್ಲೋ ಬಾಣಲೆಯಲ್ಲೋ ಬಿಸಿ ಮಾಡಿ ತಡೆದರೆ ಗ್ರೀನ್ ಟೀ. ಒಂದೇ ತೋಟ, ಒಂದೇ ಕೊಯ್ಲಿನವರು, ಅದೇ ಕೂಲಿ. ಡಬ್ಬಿಗೆ ಹೋದ ಮೇಲೆ ಮಾತ್ರ ಒಂದು ಶೂದ್ರ, ಇನ್ನೊಂದು ಬ್ರಾಹ್ಮಣ.

ಜಾತಿ ಬಂದ ಮೇಲೆ ಆಚಾರವೂ ಬರಬೇಕಲ್ಲ. ಬಂದಿದೆ. ಆಫೀಸಿನ ಪ್ಯಾಂಟ್ರಿಯಲ್ಲಿ ನಿಂತು ನೋಡಿ. ಕಪ್ಪಿನಲ್ಲಿ ಬಿಸಿನೀರು, ದಾರ ಹಿಡಿದು ಏಳು ಸಲ ಅದ್ದುವುದು, ಮೇಲೆತ್ತಿ ಚಮಚಕ್ಕೆ ಸುತ್ತಿ ಹಿಂಡುವುದು, ಕಣ್ಣು ಮುಚ್ಚಿ ಮೊದಲ ಗುಟುಕು. ಸಂಧ್ಯಾವಂದನೆಗೆ ಇಷ್ಟು ಶ್ರದ್ಧೆ ಇರಲಿಲ್ಲ. ಅದು ಮುಗಿಯುತ್ತಿದ್ದಂತೆ ಯಾರದೋ ಹುಟ್ಟುಹಬ್ಬ. ಕೇಕು ಬರುತ್ತದೆ. ಕೇಕಿನ ಮೇಲಿನ ಕ್ರೀಮನ್ನು ಮುಖಕ್ಕೆ ಬಳಿದದ್ದು ಸ್ವಲ್ಪ, ಬಾಯಿಗೆ ಹೋದದ್ದು ಜಾಸ್ತಿ. "ಪರವಾಗಿಲ್ಲ, ಈಗಷ್ಟೇ ಗ್ರೀನ್ ಟೀ ಆಯ್ತು."

ಈ ಒಂದು ವಾಕ್ಯ ಕೇಳಿ ಕೇಳಿ ನನಗೆ ಸಾಕಾಗಿದೆ.

ಲಾಲ್‌ಬಾಗಿನ ವಾಕಿಂಗ್ ಮಿತ್ರಮಂಡಳಿಗಳನ್ನು ನೋಡಿ. ಬೆಳಿಗ್ಗೆ ಆರಕ್ಕೆ ಬರುತ್ತಾರೆ. ಕೆರೆಯ ದಡದಲ್ಲಿ ನಡೆಯುವುದು ಅರ್ಧ ಗಂಟೆ, ಬೆಂಚಿನಲ್ಲಿ ಕೂತು ದೇಶ ನಡೆಸುವುದು ಮುಕ್ಕಾಲು ಗಂಟೆ. ಥರ್ಮಾಸ್ ಫ್ಲಾಸ್ಕಿನಲ್ಲಿ ಮನೆಯಿಂದ ತಂದ ಗ್ರೀನ್ ಟೀ, ಸ್ಟೀಲ್ ಲೋಟಗಳಲ್ಲಿ ಎಲ್ಲರಿಗೂ. ಅಲ್ಲಿಂದ ಗೇಟು ದಾಟಿ ಸೀದಾ ದೋಸೆ. ಬೆಣ್ಣೆ ಮೇಲೆ. "ಬೆಣ್ಣೆ ಕಡಿಮೆ ಹಾಕ್ರೀ" ಅಂತ ಒಬ್ಬನೂ ಹೇಳಿದ್ದನ್ನು ನಾನು ಕೇಳಿಲ್ಲ. ನಡೆದದ್ದು ಮೂರು ಕಿಲೋಮೀಟರ್. ತಿಂದದ್ದು ಮೈಸೂರಿನವರೆಗೆ ನಡೆಯುವಷ್ಟು.

ಇದೆಲ್ಲದರ ಕಳಶ ಎಂದರೆ ಕಲ್ಯಾಣ ಮಂಟಪ. ಈಗ ಅಲ್ಲೂ ಗ್ರೀನ್ ಟೀ ಕೌಂಟರ್ ಬಂದಿದೆ. ಬೀಡಾ ಪಕ್ಕದಲ್ಲೇ. ಮೇಜಿಗೆ ಹಸಿರು ಬಟ್ಟೆ, ಗಾಜಿನ ಕಪ್ಪು, ಟೈ ಕಟ್ಟಿದ ಹುಡುಗ. ಮೊನ್ನೆ ಒಂದು ಊಟದ ಪಂಕ್ತಿಯಲ್ಲಿ ನನ್ನ ಎದುರು ಗಂಡ ಹೆಂಡತಿ ಕೂತಿದ್ದರು. ಬಾಳೆಲೆಯ ಮೇಲೆ ಚಿರೋಟಿ ಮುಗಿದಿತ್ತು, ಹೋಳಿಗೆ ಬಂತು. ಗಂಡ ಅಡ್ಡ ಕೈ ಹಿಡಿದ.

"ಬೇಡ ಕಣೇ, ಡಾಕ್ಟ್ರು ಬೈತಾರೆ."

"ಅಯ್ಯೋ ಹಾಕಿಸ್ಕೊಳ್ರೀ, ಆಚೆ ಗ್ರೀನ್ ಟೀ ಇಟ್ಟಿದ್ದಾರೆ. ಕುಡಿದ್ರಾಯ್ತು."

ಕೈ ಹಿಂದೆ ಹೋಯಿತು. ಎರಡು ಹೋಳಿಗೆ ಬಿತ್ತು. ಮೇಲೆ ಬಡಿಸುವವನು ತುಪ್ಪದ ಸೌಟು ಬಗ್ಗಿಸಿದ, ಇವರು "ಸಾಕು ಸಾಕು" ಅಂದರು, ಆತ ನಿಲ್ಲಿಸಲಿಲ್ಲ, ಇವರು ಬೇಸರ ಪಟ್ಟುಕೊಳ್ಳಲಿಲ್ಲ.

ಗ್ರೀನ್ ಟೀ ಮಾರುವವರು ನಿಜಕ್ಕೂ ಮಾರುವುದು ಇದನ್ನೇ. ತೂಕ ಇಳಿಸುವ ಮದ್ದನ್ನಲ್ಲ, ತಿನ್ನುವ ಪರವಾನಗಿಯನ್ನು. ಹಿಂದೆ ಪಾಪ ಮಾಡಿದವನು ಕಾಶಿಗೆ ಹೋಗಬೇಕಿತ್ತು. ಈಗ ಟೀ ಬ್ಯಾಗು ಅದ್ದಿದರೆ ಸಾಕು. ಅದೂ ಕಂತಿನಲ್ಲಿ, ಇಪ್ಪತ್ತೈದು ಬ್ಯಾಗಿನ ಡಬ್ಬಿಯಲ್ಲಿ.

ಮತ್ತೆ ಅದೇ ಕೌಂಟರಿಗೆ ಬನ್ನಿ. ಊಟ ಮುಗಿದ ತಕ್ಷಣ ಅದನ್ನು ಕುಡಿಯುತ್ತಿರುವವರು ಯಾರು? ಹೆಚ್ಚಿನಂಶ ಹೆಂಗಸರು. ಜಾಹೀರಾತು ಹುಡುಕಿಕೊಂಡು ಹೋಗುವುದೂ ಅವರನ್ನೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧ. ಟೀಯಲ್ಲಿರುವ ಒಗರಿನ ಅಂಶ ಸೊಪ್ಪು ಕಾಳಿನಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಬಿಡಿಸಿ ಹೇಳಿದೆ: ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಟೀ ಕಾಫಿ ಬೇಡ.

ಅಂದರೆ ಸರ್ಕಾರ ಅಂಗನವಾಡಿಯಲ್ಲಿ ಕಬ್ಬಿಣದ ಮಾತ್ರೆ ಹಂಚುತ್ತದೆ. ಟಿವಿ ಅದನ್ನು ತಡೆಯುವ ನೀರು ಕುಡಿಸುತ್ತದೆ. ಎರಡಕ್ಕೂ ಹೆಸರು ಆರೋಗ್ಯ.

ಇಳಿಯದ ತೂಕ ಇಳಿಸಲು ಹೋಗಿ ಇಲ್ಲದ ರಕ್ತವನ್ನೂ ಕಳೆದುಕೊಳ್ಳುವುದು ಬುದ್ಧಿವಂತಿಕೆಯಂತೆ.

ಟೀಯಷ್ಟಕ್ಕೇ ನಿಂತಿದ್ದರೆ ಸುಮ್ಮನಿರಬಹುದಿತ್ತು. ಕುಡಿಯುವ ಗ್ರೀನ್ ಟೀ ಸಾಮಾನ್ಯವಾಗಿ ಯಾರನ್ನೂ ಕೊಲ್ಲುವುದಿಲ್ಲ. ಆದರೆ ಜಿಮ್ಮಿನಲ್ಲಿ ಅವಸರದ ಹುಡುಗರಿದ್ದಾರೆ. ಅವರಿಗೆ ಕಪ್ಪು ಬೇಡ, ಕ್ಯಾಪ್ಸೂಲ್ ಬೇಕು. "ಫ್ಯಾಟ್ ಬರ್ನರ್." ಕಪ್ಪು ಡಬ್ಬ, ಅದರ ಮೇಲೆ ಬೆಂಕಿಯ ಚಿತ್ರ. ಒಳಗಿರುವುದು ಗ್ರೀನ್ ಟೀಯ ಗಟ್ಟಿ ಸಾರ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಇದನ್ನು ಪರಿಶೀಲಿಸಿ ಹೇಳಿತು: ಕುಡಿಯುವವರ ಮೈಗೆ ದಿನಕ್ಕೆ ಸರಾಸರಿ 90ರಿಂದ 300 ಮಿಲಿಗ್ರಾಂ ಇಜಿಸಿಜಿ ಹೋಗುತ್ತದೆ; ಪೂರಕಗಳ ರೂಪದಲ್ಲಿ 800 ಮಿಲಿಗ್ರಾಂ ಮುಟ್ಟಿದರೆ ಯಕೃತ್ತಿಗೆ ಪೆಟ್ಟು ಬೀಳುವ ಲಕ್ಷಣಗಳು ಕಾಣುತ್ತವೆ. ಇಜಿಸಿಜಿ ಅಂದರೆ ಇದೇ ಕ್ಯಾಟೆಚಿನ್ ಕುಟುಂಬದ ಹಿರಿಯ ಮಗ. ಕೊಬ್ಬು ಕರಗಿಸುತ್ತಾನೆ ಅಂತ ಹೊಗಳಿಸಿಕೊಂಡವನು.

ಜಿಮ್ಮಿನ ಹುಡುಗನಿಗೆ ಇದನ್ನು ಹೇಳಿ ನೋಡಿ. "ನ್ಯಾಚುರಲ್ ಅಲ್ವಾ ಅಂಕಲ್" ಎನ್ನುತ್ತಾನೆ. ಕಾಸರಕನ ಕಾಯಿಯೂ ನ್ಯಾಚುರಲ್ಲೇ ಕಣಪ್ಪ.

ಕಂಪನಿಗಳಿಗೆ ಇದೆಲ್ಲ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಸಿಕ್ಕಿಬಿದ್ದು ಕಲಿತಿದ್ದಾರೆ. 2006ರಲ್ಲಿ ಕೋಕಾ-ಕೋಲಾ ಮತ್ತು ನೆಸ್ಲೆ ಸೇರಿಕೊಂಡು ಅಮೆರಿಕದಲ್ಲಿ ಎನ್ವಿಗಾ ಎಂಬ ಗ್ರೀನ್ ಟೀ ಪಾನೀಯ ತಂದವು. ದಿನಕ್ಕೆ ಮೂರು ಕ್ಯಾನ್ ಕುಡಿದರೆ 60ರಿಂದ 100 ಕ್ಯಾಲೊರಿ ಸುಡುತ್ತದೆ ಎಂದವು. ಜಗತ್ತಿಗೆ ಸಕ್ಕರೆ ನೀರು ಕುಡಿಸಿದ ಕಂಪನಿ ಈಗ ಹೊಟ್ಟೆ ಕರಗಿಸುವ ನೀರು ಮಾರಲು ನಿಂತಿತು. ಬೆಂಕಿ ಹಚ್ಚಿದವನೇ ಬಕೆಟ್ಟು ಬಾಡಿಗೆಗೆ ಕೊಟ್ಟಂತೆ ಅಂತ ಇಲ್ಲಿ ಯಾರಾದರೂ ಬರೆಯುತ್ತಾರೆ. ನನಗೆ ಅಷ್ಟು ತಾಳ್ಮೆ ಇಲ್ಲ. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳ ಅಟಾರ್ನಿ ಜನರಲ್‌ಗಳು ಬೆನ್ನು ಹತ್ತಿದರು. 2009ರಲ್ಲಿ ಆರೂವರೆ ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡರು. ಊಟದ ಹತೋಟಿ ಮತ್ತು ವ್ಯಾಯಾಮ ಇಲ್ಲದೆ ತೂಕ ಇಳಿಯುವುದಿಲ್ಲ ಅಂತ ಇನ್ನು ಮೇಲೆ ಸ್ಪಷ್ಟವಾಗಿ ಹೇಳುತ್ತೇವೆ ಎಂದು ಒಪ್ಪಿಕೊಂಡರು.

ಅಲ್ಲಿ ದುಡ್ಡು ಕಟ್ಟಿ ಒಪ್ಪಿಕೊಂಡ ಸತ್ಯ ಇಲ್ಲಿ ಬಾರ್‌ಕೋಡಿನ ಪಕ್ಕ ನಕ್ಷತ್ರವಾಗಿ ಮಿನುಗುತ್ತಿದೆ.

ಗ್ರೀನ್ ಟೀ ಹಳೆಯದಾದಾಗ ಗ್ರೀನ್ ಕಾಫಿ ಬಂತು. ಹುರಿಯದ ಕಾಫಿ ಬೀಜ. ಇದರಲ್ಲಿ ನಮ್ಮ ದೇಶಕ್ಕೂ ಒಂದು ಕೀರ್ತಿ ಇದೆ, ಮರೆಯಬಾರದು. ಅಮೆರಿಕದ ಒಂದು ಕಂಪನಿ ದುಡ್ಡು ಕೊಟ್ಟು ಭಾರತದಲ್ಲಿ ಪ್ರಯೋಗ ಮಾಡಿಸಿತು. ಹದಿನಾರು ಜನ. ಅದ್ಭುತ ಫಲಿತಾಂಶ. ಡಾಕ್ಟರ್ ಆಜ್ ಎಂಬ ಟಿವಿ ವೈದ್ಯರು ಪರದೆ ಮೇಲೆ ಕೊಂಡಾಡಿದರು, ಅಂಗಡಿಗಳು ಖಾಲಿಯಾದವು. ಆಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕಡತ ಬಿಚ್ಚಿತು. ಪ್ರಯೋಗಕ್ಕೆ ಒಳಗಾದವರ ತೂಕವನ್ನೇ ತಿದ್ದಿದ್ದರು. ಮತ್ತೆ ಮತ್ತೆ ತಿದ್ದಿದ್ದರು. ಯಾರಿಗೆ ಮದ್ದು, ಯಾರಿಗೆ ಬರೀ ಸೋಗಿನ ಗುಳಿಗೆ ಅನ್ನುವುದನ್ನೂ ಅದಲು ಬದಲು ಮಾಡಿದ್ದರು. 2014ರಲ್ಲಿ ಕಂಪನಿ 35 ಲಕ್ಷ ಡಾಲರ್ ಕಕ್ಕಿತು, ಪ್ರಬಂಧ ವಾಪಸಾಯಿತು, ಟಿವಿ ವೈದ್ಯರು ಸೆನೆಟ್ ಸಮಿತಿಯ ಮುಂದೆ ಕೂತು ಬೈಸಿಕೊಂಡರು.

ಜಗತ್ತಿನಲ್ಲಿ ಗ್ರೀನ್ ಕಾಫಿಯಿಂದ ನಿಸ್ಸಂಶಯವಾಗಿ ಇಳಿದ ತೂಕ ಅದೊಂದೇ. ಕಾಗದದ ಮೇಲೆ, ಪೆನ್ನಿನಿಂದ.

ದೇಶದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯುವ ರಾಜ್ಯ ನಮ್ಮದು. ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ ಹಸಿ ಬೀಜದ ಮೂಟೆ ಹೊತ್ತು ಹೊತ್ತು ಒಣಗಿಹೋದ ಕೂಲಿಯವರಿದ್ದಾರೆ. ಅವರು ತೆಳ್ಳಗಿರುವುದಕ್ಕೆ ಬೀಜ ಕಾರಣವೋ ಮೂಟೆ ಕಾರಣವೋ, ಯಾವ ಟಿವಿ ವೈದ್ಯರೂ ಕೇಳಲು ಬರಲಿಲ್ಲ.

ನಮ್ಮಲ್ಲಿ ಕಾನೂನು ಇಲ್ಲವೇ? ಕಾನೂನಿಗೆ ಬರವೇ! 1954ರಿಂದ ಇದೆ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ. ಯಾವ ಯಾವ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡಬಾರದು ಅನ್ನುವ ಪಟ್ಟಿಯಲ್ಲಿ ಬೊಜ್ಜೂ ಇದೆ. ಹಾಗಾದರೆ ಟೀ ಕಂಪನಿ ಹೇಗೆ ತಪ್ಪಿಸಿಕೊಂಡಿತು? "ನಮ್ಮದು ಔಷಧ ಅಲ್ಲ ಸ್ವಾಮಿ, ಆಹಾರ." ಸರಿ, ಗಿರಾಕಿಯ ಹತ್ತಿರ ಅದೇ ಕಂಪನಿ ಏನು ಹೇಳುತ್ತದೆ? "ಬರೀ ಟೀ ಅಲ್ಲ ಮೇಡಂ, ಆರೋಗ್ಯ." ಕೋರ್ಟಿನ ಮುಂದೆ ಎಲೆ, ಅಡುಗೆಮನೆಯ ಮುಂದೆ ಧನ್ವಂತರಿ.

ಆಹಾರದ ಹೇಳಿಕೆಗಳು ಸತ್ಯವಾಗಿರಬೇಕು, ದಾರಿ ತಪ್ಪಿಸಬಾರದು ಅಂತ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2018ರ ನಿಯಮವೂ ಇದೆ. ಅದಕ್ಕೇ ಈಗ ಜಾಣರು "ತೂಕ ಇಳಿಸುತ್ತದೆ" ಎಂದು ಬರೆಯುವುದಿಲ್ಲ. ಟೇಪು ಸುತ್ತಿದ ಸೊಂಟ ಬರೆಯುತ್ತಾರೆ. "ಹಗುರ ಅನ್ನಿಸುತ್ತದೆ" ಎಂದು ಬರೆಯುತ್ತಾರೆ. ಅನ್ನಿಸುವುದಕ್ಕೆ ತಕ್ಕಡಿ ಇಲ್ಲ.

ಇನ್ನೊಂದು ಇದೆ, ಅದು ನನ್ನ ಹೊಟ್ಟೆ ಉರಿಸುತ್ತದೆ. ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಈ ನಕ್ಷತ್ರದ ಸಾಲಿಗೂ ನಿಯಮ ಉಂಟು. ಮೇಲಿನ ಮಾತು ಯಾವ ಭಾಷೆಯಲ್ಲಿದೆಯೋ ಕೆಳಗಿನ ಷರತ್ತೂ ಅದೇ ಭಾಷೆಯಲ್ಲಿರಬೇಕು. ಅದೇ ಫಾಂಟಿನಲ್ಲಿರಬೇಕು. ಮೇಲೆ ಸುಳ್ಳು ಹೇಳಿ ಕೆಳಗೆ ಸರಿಪಡಿಸುವ ಆಟ ಆಡುವಂತಿಲ್ಲ.

ಈಗ ಟಿವಿ ಹಾಕಿ. ಕನ್ನಡ ಚಾನೆಲ್. ಧಾರಾವಾಹಿಯ ಮಧ್ಯೆ ಜಾಹೀರಾತು. ನಟಿ ಅಚ್ಚಗನ್ನಡದಲ್ಲಿ, ಅಂದರೆ ಮುಂಬೈಯಲ್ಲಿ ಡಬ್ ಮಾಡಿದ ಕನ್ನಡದಲ್ಲಿ, ಟೀಯ ಗುಣಗಾನ ಮಾಡುತ್ತಾಳೆ. ಹಳೇ ಜೀನ್ಸ್ ಸಲೀಸಾಗಿ ಏರುತ್ತದೆ. ಗಂಡ ತಿರುಗಿ ನೋಡುತ್ತಾನೆ. ಪರದೆಯ ಬುಡದಲ್ಲಿ ಎರಡು ಸೆಕೆಂಡು ಬಿಳಿಯ ಗೆರೆ ಹೊಳೆದು ಹೋಗುತ್ತದೆ. ಅದು ಷರತ್ತು. ಇಂಗ್ಲಿಷಿನಲ್ಲಿ.

ಆಸೆ ಕನ್ನಡದಲ್ಲಿ, ಎಚ್ಚರಿಕೆ ಇಂಗ್ಲಿಷಿನಲ್ಲಿ. ಬೋರ್ಡಿನಲ್ಲಿ ಕನ್ನಡ ಶೇ. 60 ಇದೆಯೋ ಇಲ್ಲವೋ ಅಂತ ಏಣಿ ಹತ್ತಿ ಅಳೆಯುವ ನಮ್ಮ ಹೋರಾಟಗಾರರಿಗೆ ಈ ಗೆರೆ ಕಾಣಿಸಿಲ್ಲ. ಕಣ್ಣಿಗೂ ಒಳ್ಳೆಯದು ಅಂತ ಅವರೂ ಗ್ರೀನ್ ಟೀ ಕುಡಿಯುತ್ತಿರಬಹುದು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷದವರೆಗೆ ದಂಡ, ಮತ್ತೆ ಮಾಡಿದರೆ ಐವತ್ತು ಲಕ್ಷದವರೆಗೆ. ಮುಖ ತೋರಿಸಿದ ತಾರೆಗೆ ಒಂದು ವರ್ಷದವರೆಗೆ ಜಾಹೀರಾತು ಬಂದ್ ಮಾಡಬಹುದು, ಮತ್ತೆ ಮಾಡಿದರೆ ಮೂರು ವರ್ಷ. ತಾನು ಹೇಳುವ ಮಾತು ನಿಜವೋ ಅಂತ ತಾರೆ ವಿಚಾರಿಸಿ ನೋಡಿರಬೇಕು. ವಿಚಾರಿಸಿರುತ್ತಾರೆ. ಸಂಭಾವನೆ ಎಷ್ಟು ಎಂದು.

ಆ ತಾರೆಯ ಸೊಂಟಕ್ಕೆ ಅಡುಗೆಯವಳು, ತರಬೇತುದಾರ, ಪಥ್ಯ ಹೇಳುವವಳು, ದಿನಕ್ಕೆ ಎರಡು ಹೊತ್ತು ಕಸರತ್ತು, ಅದು ಸಾಲದಿದ್ದರೆ ಕಂಪ್ಯೂಟರಿನಲ್ಲಿ ಕೂತು ಚಿತ್ರ ತಿದ್ದುವ ಹುಡುಗ. ಇಷ್ಟು ಜನ ದುಡಿದ ಸೊಂಟದ ಕೀರ್ತಿ ಪೂರ್ತಿ ಒಂದು ಟೀ ಬ್ಯಾಗಿಗೆ.

ಇತ್ತ ನಮ್ಮ ರಾಜ್ಯದ ಸೊಂಟದ ಕಥೆ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿದೆ. ಹತ್ತು ಜನರಲ್ಲಿ ಮೂವರ ತೂಕ ಜಾಸ್ತಿ. ಗಂಡಸರಲ್ಲೂ ಅಷ್ಟೇ, ಹೆಂಗಸರಲ್ಲೂ ಅಷ್ಟೇ. ಇದು ಗ್ರೀನ್ ಟೀ ಕೊರತೆಯಿಂದ ಆದದ್ದಲ್ಲ. ನಡೆಯಲು ಫುಟ್‌ಪಾತ್ ಇಲ್ಲ. ಇದ್ದ ಕಡೆ ಅದರ ಮೇಲೆ ಟ್ರಾನ್ಸ್‌ಫಾರ್ಮರ್, ಬೈಕು, ಮತ್ತು ಆರೋಗ್ಯ ಇಲಾಖೆಯ "ನಡೆಯಿರಿ, ಆರೋಗ್ಯವಾಗಿರಿ" ಫಲಕ. ಬಡಾವಣೆಯ ಮೈದಾನದಲ್ಲಿ ಸಮುದಾಯ ಭವನ ಬಂತು. ಸಮುದಾಯ ಭವನದಲ್ಲಿ ಊಟ. ಊಟದ ಪಕ್ಕ ಕೌಂಟರ್. ಮಕ್ಕಳಿಗೆ ಪಿಟಿ ಪೀರಿಯಡ್ಡಿನಲ್ಲಿ ಗಣಿತ, ರಾತ್ರಿ ಹತ್ತಕ್ಕೆ ಮೊಬೈಲಿನಲ್ಲಿ ಆರ್ಡರು, ಹನ್ನೊಂದಕ್ಕೆ ಬಿರಿಯಾನಿ. ಅದನ್ನು ತಲುಪಿಸಲು ಮೂರನೇ ಮಹಡಿ ಹತ್ತಿದ ಹುಡುಗ ಮಾತ್ರ ತೆಳ್ಳಗಿದ್ದಾನೆ. ಅವನು ಕುಡಿಯುವುದು ರಸ್ತೆ ಬದಿಯ ಗಟ್ಟಿ ಟೀ. ಸಕ್ಕರೆ ಜಾಸ್ತಿ.

ಇಷ್ಟು ಬರೆದ ಮೇಲೆ ಪರಿಚಯದ ಒಬ್ಬರು ಫೋನು ಮಾಡಿದರು. ಓದಿ ಹೇಳಿದೆ. "ನೀವು ಹೇಳೋದೆಲ್ಲ ಸರಿ. ಗ್ರೀನ್ ಟೀ ನಾನೂ ಬಿಟ್ಟೆ" ಎಂದರು. ಖುಷಿಯಾಯಿತು. "ಈಗ ಬೆಳಿಗ್ಗೆ ಖಾಲಿ ಹೊಟ್ಟೆಗೆ ಆಪಲ್ ಸೈಡರ್ ವಿನೆಗರ್" ಎಂದರು.

ಫೋನಿಟ್ಟೆ.

ಕಂಪನಿಯವರಿಗೆ ನನ್ನದೊಂದು ಬೇಡಿಕೆ ಇದೆ. ನಿಲ್ಲಿಸಿ ಅಂತ ಹೇಳುವುದಿಲ್ಲ, ನೀವು ನಿಲ್ಲಿಸುವವರಲ್ಲ. ಮುಂದಿನ ಡಬ್ಬಿಯ ಮೇಲೆ, ಆ ಸೊಂಟದ ಜಾಗದಲ್ಲಿ, ಕನ್ನಡದಲ್ಲಿ, ನಿಮ್ಮ ಬ್ರ್ಯಾಂಡಿನ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಹೀಗೆ ಅಚ್ಚು ಹಾಕಿ: ಮೂರು ತಿಂಗಳಿಗೆ ನಲವತ್ತು ಗ್ರಾಂ, ಅದೂ ಖಾತ್ರಿಯಿಲ್ಲ. ಟಿವಿಯಲ್ಲಿ ಅದೇ ನಟಿ ಅದೇ ನಗು ನಗುತ್ತಾ ಇದನ್ನು ಓದಲಿ. ಸಂಭಾವನೆಯಲ್ಲಿ ಒಂದು ರೂಪಾಯಿಯೂ ಕಡಿತ ಮಾಡಬೇಡಿ.